ಜಡಗನಿಗೆ ಹಸಿವೇ ಆಗಲಿಲ್ಲ

ಪ್ರಶಸ್ತಿ ಬಂದ ಮಕ್ಕಳ ಕಾದಂಬರಿ, ಅದೂ ನಮ್ಮ ಮುಧೋಳ ಸೀಮೆಯ ಹಲಗಲಿಯ ಮೇಲೆ ಅಂದರೆ ಬಿಡಲಾದೀತೆ? ಬೀಳಗಿಯ ಮೇಷ್ಟ್ರೊಬ್ಬರು ಬಾಯ್ತುಂಬ ಹೊಗಳಿದ್ದರು. ಜಮಖಂಡಿಯಲ್ಲಿ ಕೊಂಡು ಬನಹಟ್ಟಿಯ ತಂಗಿಯ ಮಗನ ಕೈಗಿಟ್ಟೆ. ಮೊದಲು ನಾನೇ ಕದ್ದು ಓದಿದೆ ಅನ್ನಿ.

1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ಸುತರಾಂ ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮ ತಿರುಗಿಬಿದ್ದರು. ಇಂಥ ಕಥೆಯಲ್ಲಿ ಜಡಗ ಪುಟಕ್ಕೊಮ್ಮೆ ಆಗಸ್ಟ್ 15ರ ಭಾಷಣ ಬಿಗಿಯುತ್ತಾನೆ, ಅದೂ ಬೆಂಗಳೂರು ಕನ್ನಡದಲ್ಲಿ! ಬೇಟೆನಾಯಿಗೆ ಹೆಸರಾದ ಮುಧೋಳದ ಕಥೆ, ಒಂದು ನಾಯಿಯೂ ಬೊಗಳುವುದಿಲ್ಲ.

ಇದೇ ಹಲಗಲಿ ದಂಗೆಯ ಮೇಲೆ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬ ಸಂಗ್ರಹಿಸಿದ ಹಳೆಯ ಲಾವಣಿ ನೋಡಿ. ದಂಡಿನವರು ದೋಚಿದ ಸಾಮಾನಿನಲ್ಲಿ ಲಾವಣಿಕಾರ ಜೀರಗಿ, ಬೆಲ್ಲ, ಕಡೆಗೆ ಬೀಸುಕಲ್ಲನ್ನೂ ಮರೆತಿಲ್ಲ. ಅದನ್ನು ಹೊತ್ತ ಸಿಪಾಯಿಯ ಸೊಂಟ ಏನಾಯಿತೋ! ನಮ್ಮ ಕಾದಂಬರಿಕಾರರಿಗೆ ಅಡುಗೆಮನೆಯೇ ಬೇಡ. ತ್ಯಾಗ, ಬಲಿದಾನ ಸಾಕು.

ಹುಡುಗ ಅರ್ಧಕ್ಕೇ ಪುಸ್ತಕ ಮುಚ್ಚಿದ.

"ಮಾಮಾ, ಇವರೆಲ್ಲಾ ರೊಟ್ಟಿ ಯಾವಾಗ ತಿಂತಾರ?"

"ಮುಂದ ಬರತೈತಿ, ಓದಲೇ."

"ಮುಂದ ಗಲ್ಲಿಗೆ ಹಾಕ್ತಾರ. ಕಡೀ ಪುಟ ನೋಡೀನಿ."