ಬ್ರೆಡ್ಡಿಗೆ ವಾರ ಯಾವುದು?

ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪೌಂಡು ಬ್ರೆಡ್ಡು ಹಿಡಿದು ನಿಂತರೆ ಪರಿಚಯದವರು ಮೊದಲು ಕೇಳುವುದು, "ಯಾರಿಗೆ ಹುಷಾರಿಲ್ಲ ಮಾರಾಯ್ರೆ?" ಎಂದು. ಜೊತೆಗೆ ಮೂಸಂಬಿಯೂ ಇದ್ದರೆ "ಯಾವ ಆಸ್ಪತ್ರೆ?" ಎಂದು ಕೇಳುತ್ತಾರೆ. ಎಳನೀರೂ ಸೇರಿದ್ದರೆ ಏನನ್ನೂ ಕೇಳುವುದಿಲ್ಲ, ಭುಜ ಮುಟ್ಟಿ ಮುಂದೆ ಹೋಗುತ್ತಾರೆ. ನಮ್ಮ ಕಡೆ ಬ್ರೆಡ್ಡಿಗೆ ಗಂಜಿಗೂ ಗ್ಲೂಕೋಸಿಗೂ ನಡುವಿನ ಒಂದು ಸ್ಥಾನವಿದೆ. ಜ್ವರ ಬಿಟ್ಟ ದಿನ ಅದನ್ನು ಹಾಲಿನಲ್ಲಿ ಅದ್ದಿ ತಿನ್ನಬೇಕು. ಬಾಯಿರುಚಿ ಬಂದ ದಿನ ತುಪ್ಪದಲ್ಲಿ ಕಾಯಿಸಿ ತಿನ್ನಬೇಕು. ಪೂರ್ತಿ ಗುಣವಾಗುವ ಹೊತ್ತಿಗೆ ಉಳಿದ ಎರಡು ಹೋಳಿಗೆ ಬೂಷ್ಟು ಹಿಡಿದಿರುತ್ತದೆ.

ಇಂಥ ಊರಿನಲ್ಲಿ ಕೂತು, ಮನೆಯಲ್ಲೇ ಬ್ರೆಡ್ಡು ಮಾಡುವ ಮಿಷನ್ನನ್ನು ಕೊಳ್ಳಬೇಕೇ ಬೇಡವೇ ಎಂದು ನಾನು ತಲೆ ಕೆಡಿಸಿಕೊಂಡದ್ದಕ್ಕೆ ಮೂಡುಬಿದಿರೆಯ ಅಕ್ಕನ ಮನೆಯ ಪರಿಮಳವೇ ಕಾರಣ. ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಬೇರೆಯವರ ಮಕ್ಕಳು ಊರಿಗೆ ಬರುವಾಗ ಚಾಕಲೇಟು, ಬಾದಾಮಿ ತಂದರೆ ಇವನು ಅಮ್ಮನಿಗೆಂದು ಒಂದು ಬ್ರೆಡ್ ಮಿಷನ್ ಹೊತ್ತು ತಂದ. ಹೊರಗಿನಿಂದ ನೋಡಿದರೆ ಮುಚ್ಚಳವಿರುವ ಒಂದು ಡಬ್ಬ. ಒಳಗೊಂದು ಪಾತ್ರೆ, ಅದರ ತಳದಲ್ಲಿ ತಿರುಗುವ ಪುಟ್ಟ ರೆಕ್ಕೆ, ಸುತ್ತಲೂ ಕಾಯುವ ಕಾಯಿಲ್. ನೀರು, ಮೈದಾ, ಉಪ್ಪು, ಸಕ್ಕರೆ, ಬೆಣ್ಣೆ, ಈಸ್ಟು ಹಾಕಿ ಗುಂಡಿ ಒತ್ತಿದರೆ ಅದೇ ನಾದುತ್ತದೆ, ಹಿಟ್ಟು ಉಬ್ಬಲು ಬಿಡುತ್ತದೆ, ಉಬ್ಬಿದ್ದನ್ನು ಇಳಿಸಿ ಮತ್ತೆ ನಾದುತ್ತದೆ, ಕೊನೆಗೆ ಬೇಯಿಸುತ್ತದೆ. ಮೂರೂವರೆ, ನಾಲ್ಕು ಗಂಟೆಯಾದ ಮೇಲೆ ಕೀಂ ಕೀಂ ಎಂದು ಕರೆಯುತ್ತದೆ. ಸಾವಿರ ಕಂಬದ ಬಸದಿ ಕಟ್ಟಿದ ಊರಿನವರಿಗೆ ಒಂದು ಬ್ರೆಡ್ಡಿಗೆ ನಾಲ್ಕು ಗಂಟೆ ಕಾಯುವುದು ಹೆಚ್ಚೇನಲ್ಲ. ರೆಕ್ಕೆ ಹೂತುಹೋಗಿದ್ದ ಕಡೆ ಬ್ರೆಡ್ಡಿನ ಅಡಿಯಲ್ಲಿ ಒಂದು ತೂತು ಉಳಿಯುತ್ತದೆ. ತೂತಿನ ಹೋಳನ್ನು ಅಕ್ಕ ಯಾವಾಗಲೂ ಭಾವನಿಗೇ ಕೊಡುತ್ತಾಳೆ.

ಪರಿಮಳವೇನೋ ಬೀದಿಯ ತನಕ ಬರುತ್ತಿತ್ತು. ಪಕ್ಕದ ಜೈನರ ಮನೆಯವರು ಮೂಸುತ್ತಾ ಬಂದು, ಈಸ್ಟು ಎಂದರೆ ಜೀವವಿರುವ ವಸ್ತು ಎಂದು ತಿಳಿದ ಮೇಲೆ ಅಂಗಳದಿಂದಲೇ ಕೈಮುಗಿದು ಹೋದರಂತೆ. ಆದರೆ ಬ್ರೆಡ್ಡು ಮಾತ್ರ ಭಾರ. ತಲೆಗೆ ಹಾಕಿದರೆ ಪೊಲೀಸು ಕೇಸಾದೀತು. ಅಮೆರಿಕದ ಮನೆಗಳಿಗೆ ಬರುವುದು 120 ವೋಲ್ಟಿನ ಕರೆಂಟು, ನಮ್ಮದು 230. ಅದಕ್ಕೆಂದು ಭಾವ ಒಂದು ಟ್ರಾನ್ಸ್‌ಫಾರ್ಮರ್ ಕಟ್ಟಿಸಿ ತಂದಿದ್ದರು. ಅದು ಮಿಷನ್ನಿಗಿಂತ ಭಾರ, ಮೇಲಾಗಿ ನಾಲ್ಕು ಗಂಟೆಯೂ ಗುಂಯ್‌ಗುಡುತ್ತಿತ್ತು. ಇಷ್ಟು ಮಾಡಿಯೂ ಬ್ರೆಡ್ಡು ಹಗುರಾಗದಿದ್ದಾಗ ಭಾವ ಮೈದಾವನ್ನು ಬೈದರು, ಅಕ್ಕ ಈಸ್ಟನ್ನು ಬೈದಳು.

ಗುಟ್ಟು ಹೇಳಿದವನು ನಮ್ಮೂರ ಮೋಟಾರು ರಿವೈಂಡಿಂಗ್ ಹುಡುಗ. ಉಜಿರೆಯ ರುಡ್‌ಸೆಟ್‌ನಲ್ಲಿ ಕಲಿತವನು. ಧರ್ಮಸ್ಥಳದವರೂ ಎರಡು ಬ್ಯಾಂಕಿನವರೂ ಸೇರಿ 1982ರಲ್ಲಿ ಆ ಸಂಸ್ಥೆ ಶುರುಮಾಡದೆ ಇದ್ದಿದ್ದರೆ ನಮ್ಮ ತಾಲೂಕಿನ ಅರ್ಧದಷ್ಟು ಗ್ರೈಂಡರುಗಳು ಇಷ್ಟು ಹೊತ್ತಿಗೆ ಗುಜರಿ ಸೇರುತ್ತಿದ್ದವು ಎಂಬುದು ನನ್ನ ಅಭಿಪ್ರಾಯ. ಅವನು ಮಿಷನ್ನನ್ನು ಮಗುಚಿ ನೋಡಿ ಹೇಳಿದ: "ಅಣ್ಣ, ವೋಲ್ಟು ಇಳಿಸಿದ್ರೆ ಸಾಕಾಗುದಿಲ್ಲ. ಅಲ್ಲಿಯ ಕರೆಂಟು ಸೆಕೆಂಡಿಗೆ 60 ಸಲ, ನಮ್ಮದು 50 ಸಲ. ಟ್ರಾನ್ಸ್‌ಫಾರ್ಮರ್ ಅದನ್ನು ಬದಲಿಸುದಿಲ್ಲ. ಈ ಮೋಟಾರು ಇಲ್ಲಿ ನಿಧಾನ ತಿರುಗ್ತದೆ. ಆರರಲ್ಲಿ ಒಂದು ಪಾಲು ಕೆಲಸ ಇದು ಮಾಡುದೇ ಇಲ್ಲ."

"ಅಲ್ಲಿ ಚುರುಕಿದ್ದವರು ಊರಿಗೆ ಬಂದ ಮೇಲೆ ಹಾಗೇ ಆಗುದು" ಎಂದು ಅಕ್ಕ, ಹನ್ನೊಂದು ಗಂಟೆಗೆ ಎದ್ದು ಹಲ್ಲುಜ್ಜುತ್ತಿದ್ದ ಮಗನನ್ನು ನೋಡಿದಳು.

ಹಾಗಾಗಿ ತಪ್ಪು ಮಿಷನ್ನಿನದಲ್ಲ, ದೇಶಾಂತರದ್ದು ಎಂದು ನನಗೆ ಸಮಾಧಾನವಾಯಿತು. ನಮ್ಮ ಕರೆಂಟಿಗೆ ಹೊಂದುವಂಥದ್ದು ನಮ್ಮಲ್ಲೇ ಹತ್ತು ಹನ್ನೆರಡು ಸಾವಿರಕ್ಕೆ ಸಿಗುತ್ತದೆ. ಮೇಲಾಗಿ ಆ ಮಿಷನ್ನಿನ ಹುಟ್ಟಿನ ಕತೆ ಓದಿಕೊಂಡು ಆಸೆ ಇನ್ನಷ್ಟು ಬಲಿಯಿತು. 1985ರ ಹೊತ್ತಿಗೆ ಜಪಾನಿನ ಓಸಾಕಾದಲ್ಲಿ ಮತ್ಸುಶಿತಾ ಎಂಬ ಕಂಪೆನಿ, ಈಗಿನ ಪ್ಯಾನಾಸೋನಿಕ್, ಇಂಥ ಮಿಷನ್ ಮಾಡಲು ಒದ್ದಾಡುತ್ತಿತ್ತು. ಮಾಡಿದ ಬ್ರೆಡ್ಡು ಹೊರಗೆ ಸೀದು ಒಳಗೆ ಹಸಿ. ಮಿಷನ್ ನಾದಿದ ಹಿಟ್ಟಿಗೂ ಬೇಕರಿಯವನು ನಾದಿದ ಹಿಟ್ಟಿಗೂ ಎಕ್ಸ್‌ರೇ ತೆಗೆಸಿ ಹೋಲಿಸಿ ನೋಡಿದರು. ಹಿಟ್ಟಿನ ಮೂಳೆ ಎಲ್ಲೂ ಮುರಿದಿರಲಿಲ್ಲ. ಕೊನೆಗೆ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಕೆಲಸದ ಹೆಂಗಸು, ಊರಿಗೇ ಒಳ್ಳೆಯ ಬ್ರೆಡ್ಡು ಸಿಗುತ್ತಿದ್ದ ಓಸಾಕಾ ಇಂಟರ್‌ನ್ಯಾಷನಲ್ ಹೋಟೆಲಿಗೆ ಹೋಗಿ ಅಲ್ಲಿಯ ಮುಖ್ಯ ಬೇಕರಿಯವನ ಕೈಕೆಳಗೆ ಹಿಟ್ಟು ನಾದಲು ಕಲಿತಳು. ಅವನು ಹಿಟ್ಟನ್ನು ಎಳೆಯುವಾಗ ಒಂದು ತಿರುಚು ಕೊಡುತ್ತಿದ್ದ. ಅವನಿಗೂ ಅದನ್ನು ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ. ಅವಳು ಅದನ್ನು ಕಣ್ಣಲ್ಲಿ ಹಿಡಿದು ತಂದಳು. ಪಾತ್ರೆಯ ಒಳಗೋಡೆಗೆ ಹಿಟ್ಟನ್ನು ತಡೆಯುವ ಏಣುಗಳನ್ನು ಮಾಡಿದರು, 1987ರಲ್ಲಿ ಮಿಷನ್ ಅಂಗಡಿಗೆ ಬಂತು.

ಈ ಕತೆಯನ್ನು ಊಟದ ಹೊತ್ತಿಗೆ ಭಕ್ತಿಯಿಂದ ಹೇಳಿದೆ. ಅಮ್ಮ ಕೇಳಿ, "ಒಂದು ಹಿಟ್ಟು ಕಲಸ್ಲಿಕ್ಕೆ ಇಷ್ಟು ಓದಿದವರು ಬೇಕಾಯ್ತಾ?" ಎಂದಳು. ಅವಳು ಹಾಗೆ ಹೇಳುವುದು ಸುಲಭ. ನೀರುದೋಸೆಗೆ ಎಷ್ಟು ನೀರು ಎಂದು ನನ್ನ ಹೆಂಡತಿ ಮದುವೆಯಾದ ಹೊಸತರಲ್ಲಿ ಕೇಳಿದಾಗ ಅಮ್ಮ ಕೊಟ್ಟ ಉತ್ತರ, "ಅಕ್ಕಿ ಎಷ್ಟು ಕೇಳ್ತದೋ ಅಷ್ಟು." ಅಕ್ಕಿಯ ದನಿ ಅವಳೊಬ್ಬಳಿಗೇ ಕೇಳುವುದು. ಓಸಾಕಾದ ಆ ಹೆಂಗಸು ಹೋಟೆಲು ಬಿಟ್ಟು ನಮ್ಮ ಅಡುಗೆಮನೆಗೆ ಬಂದಿದ್ದರೆ ಅಮ್ಮ ಮೊದಲು ಅವಳ ಕೈಗೆ ಎರಡು ಕಡಿ ತೆಂಗಿನಕಾಯಿ ಕೊಟ್ಟು ತುರಿಯಲು ಕೂರಿಸುತ್ತಿದ್ದಳು. ಪಾಪ, ಈಗಲೂ ತುರಿಯುತ್ತಿರುತ್ತಿದ್ದಳು.

ನಾನು ಲೆಕ್ಕದ ಮನುಷ್ಯ, ಲೆಕ್ಕಕ್ಕೆ ಕೂತೆ. ಮೈದಾ, ಬೆಣ್ಣೆ, ಹಾಲು, ಈಸ್ಟು, ಅರ್ಧ ಯೂನಿಟ್ಟಿಗೂ ಕಡಿಮೆ ಕರೆಂಟು, ಎಲ್ಲ ಸೇರಿ ಒಂದು ಬ್ರೆಡ್ಡಿಗೆ 30 ರೂಪಾಯಿ ಎಂದಿಟ್ಟುಕೊಳ್ಳೋಣ. ಬೇಕರಿಯಲ್ಲಿ 45. ಉಳಿತಾಯ 15. ಮಿಷನ್ನಿಗೆ 12,000 ಆದರೆ 800 ಬ್ರೆಡ್ಡು ಮಾಡಿದಾಗ ಹಾಕಿದ ದುಡ್ಡು ಹುಟ್ಟುತ್ತದೆ. ಇಲ್ಲಿಯವರೆಗೆ ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಮನೆಗೆ ಬ್ರೆಡ್ಡು ಬರುವುದು ಜ್ವರ ಬಂದಾಗ. ನೆಗಡಿಯನ್ನೂ ಸೇರಿಸಿ ಧಾರಾಳವಾಗಿ ಹಿಡಿದರೂ ವರ್ಷಕ್ಕೆ ಹತ್ತು. ಅಂದರೆ 80 ವರ್ಷ. ಅಮ್ಮನಿಗೆ ಈಗ 76, ದುಡ್ಡು ವಾಪಸಾಗುವಾಗ 156. ಮಿಷನ್ನಿಗೆ ವಾರಂಟಿ ಒಂದು ವರ್ಷ. ಮನೆಯಲ್ಲಿ ದಿನಾ ಯಾರಾದರೊಬ್ಬರು ತಪ್ಪದೆ ಮಲಗಿದರೆ ಎರಡೂಕಾಲು ವರ್ಷದಲ್ಲಿ ಮುಗಿಯುತ್ತದೆ. ಡೆಂಗೆ, ಇಲಿಜ್ವರ ಎಲ್ಲ ಇರುವ ಜಿಲ್ಲೆಯಾದರೂ ಅಷ್ಟು ಆಸೆಪಡುವುದು ಸರಿ ಕಾಣಲಿಲ್ಲ.

"ಜ್ವರಕ್ಕೇ ಯಾಕೆ? ಬೆಳಿಗ್ಗೆ ತಿಂಡಿಗೇ ಮಾಡಿದರಾಯ್ತು" ಎಂದೆ.

"ಯಾವ ದಿನ?" ಎಂದಳು ಅಮ್ಮ.

ಅಷ್ಟು ಸಣ್ಣ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಸೋಮವಾರ ನೀರುದೋಸೆ. ಮಂಗಳವಾರ ಪುಂಡಿ. ಬುಧವಾರ ಉದ್ದಿನ ದೋಸೆ, ಗುರುವಾರ ಒತ್ತು ಶ್ಯಾವಿಗೆ, ಶುಕ್ರವಾರ ಇಡ್ಲಿ. ಶನಿವಾರ ಅಮ್ಮನಿಗೆ ಒಪ್ಪೊತ್ತು, ಹಾಗಾಗಿ ಎಲ್ಲರಿಗೂ ಅವಲಕ್ಕಿ. ಆದಿತ್ಯವಾರ ಬಾಳೆಹಣ್ಣು ಹಾಕಿದ ಬನ್ಸು, ಅದನ್ನು ಅಲುಗಾಡಿಸಿದರೆ ಮಕ್ಕಳು ದಂಗೆ ಏಳುತ್ತಾರೆ. ಇದು ಸಾದಾ ದಿನಗಳ ಮಾತು. ಹಲಸಿನಹಣ್ಣಿನ ಕಾಲಕ್ಕೆ ಗಟ್ಟಿ, ಆಟಿಯಲ್ಲಿ ಪತ್ರೊಡೆ, ಅಷ್ಟಮಿಗೆ ಮೂಡೆ ಬಂದು ಸಾದಾ ದಿನಗಳನ್ನೂ ನುಂಗುತ್ತವೆ. ಏಳು ದಿನದ ವಾರದಲ್ಲಿ ಬ್ರೆಡ್ಡಿಗೆ ಕೂರಲು ಒಂದು ಮಣೆ ಇಲ್ಲ.

ಹೆಂಡತಿಗೆ ವಿರೋಧವಿರಲಿಲ್ಲ, ಅದೇ ಹೆಚ್ಚು ಕಷ್ಟದ್ದು. "ನನಗೆ ಎಂತದ್ದೂ ಇಲ್ಲ, ತನ್ನಿ. ತೊಳೆಯುದು ಯಾರು ಅಂತ ಮಾತ್ರ ಈಗಲೇ ಹೇಳಿ" ಎಂದಳು. ನಾನು ಧರ್ಮಸ್ಥಳದ ಅನ್ನಪೂರ್ಣ ಭೋಜನಾಲಯದ ಉದಾಹರಣೆ ಎತ್ತಿದೆ. ಅಲ್ಲಿ ಹಬೆಯಲ್ಲಿ ಅನ್ನ ಬೇಯಿಸುವುದಿಲ್ಲವೇ, ಯಂತ್ರಗಳಿಲ್ಲವೇ, ದೇವಸ್ಥಾನವೇ ಒಪ್ಪಿದ್ದನ್ನು ನಾವು ಒಪ್ಪಬಾರದೇ? "ಅಲ್ಲಿ ದಿನಕ್ಕೆ ಸಾವಿರಗಟ್ಟಲೆ ಜನ ಊಟಕ್ಕೆ ಕೂರ್ತಾರೆ. ನಮ್ಮಲ್ಲಿ ಐದು ಬಾಯಿ, ಅದರಲ್ಲಿ ಎರಡಕ್ಕೆ ಮೈದಾ ಆಗುದಿಲ್ಲ" ಎಂದು ಅವಳು ಒಗ್ಗರಣೆ ಸೌಟು ಎತ್ತಿಕೊಂಡಳು.

ನೆರೆಮನೆಯ ಬಾಯಮ್ಮನನ್ನು ಕೇಳಿದೆ. ನಮ್ಮ ಸುತ್ತಮುತ್ತ ಹಿಟ್ಟು ಉಬ್ಬಿಸುವ ವಿದ್ಯೆಯಲ್ಲಿ ಅವರನ್ನು ಬಿಟ್ಟರಿಲ್ಲ. ಹಬ್ಬಕ್ಕೆ ಅವರು ಮಾಡುವ ಸನ್ನ ಬಾಯಿಗಿಟ್ಟರೆ ಕರಗುತ್ತದೆ. ಹಿಂದೆ ಕಳ್ಳು ಹಾಕುತ್ತಿದ್ದರು, ಈಗ ಒಳ್ಳೆಯ ಕಳ್ಳು ಸಿಗುವುದು ಕಷ್ಟವೆಂದು ಒಂದು ಚಿಟಿಕೆ ಈಸ್ಟು. ಅವರು ಹೇಳಿದರು: "ನೋಡಿ, ಎಪ್ರಿಲಲ್ಲಿ ನನ್ನ ಹಿಟ್ಟು ಎರಡು ಗಂಟೆಯಲ್ಲಿ ಪಾತ್ರೆಯಿಂದ ಹೊರಗೆ ಬರ್ತದೆ. ಜುಲಾಯಲ್ಲಿ ರಾತ್ರಿಯಿಡೀ ಇಟ್ರೂ ಏಳುದಿಲ್ಲ. ನಿಮ್ಮ ಮಿಷನ್ನಿಗೆ ಎಪ್ರಿಲೂ ಜುಲಾಯೂ ಒಂದೇ ಅಲ್ವಾ?" ನಿಜ. ಮಿಷನ್ ನಡೆಯುವುದು ಗಡಿಯಾರದ ಮೇಲೆ. ನಮ್ಮ ಬೇಸಗೆಯಲ್ಲಿ ಅದರ ಹೊತ್ತು ಬರುವ ಮೊದಲೇ ಹಿಟ್ಟು ಮುಚ್ಚಳ ಮುಟ್ಟಿ, ಬೇಯುವ ಹೊತ್ತಿಗೆ ಕುಸಿದು ಕೂತಿರುತ್ತದೆ. ಫ್ರಿಜ್ಜಿನ ನೀರು ಹಾಕಬೇಕು, ಈಸ್ಟು ಕಡಿಮೆ ಮಾಡಬೇಕು. ಕರಾವಳಿಯ ಪಸೆಗೆ ಮೈದಾವೇ ಅರ್ಧ ನೀರು ಕುಡಿದಿರುತ್ತದೆ, ಹಾಗಾಗಿ ಪುಸ್ತಕದಲ್ಲಿ ಬರೆದಷ್ಟು ನೀರು ಹಾಕಬಾರದು. ಒಟ್ಟಿನಲ್ಲಿ ಮೈದಾ ಎಷ್ಟು ಕೇಳುತ್ತದೋ ಅಷ್ಟು. ಈ ಮಾತನ್ನು ಅಮ್ಮನಿಗೆ ಹೇಳಲು ಹೋಗಲಿಲ್ಲ.

ಇನ್ನು ಮಳೆಗಾಲ. ಚಾರ್ಮಾಡಿಯ ಬುಡದಲ್ಲಿರುವ ತಾಲೂಕು ನಮ್ಮದು. ಆಷಾಢದಲ್ಲಿ ಎಲ್ಲಿಯಾದರೂ ಒಂದು ಮರ ತಂತಿಯ ಮೇಲೆ ಒರಗಿರುತ್ತದೆ, ಲೈನ್‌ಮನ್ ಕೊಡೆ ಹಿಡಿದು ಆ ಮರವನ್ನು ಹುಡುಕುತ್ತಿರುತ್ತಾನೆ. ನಾಲ್ಕು ಗಂಟೆ ಒಂದೇ ಸಮನೆ ಕರೆಂಟು ಬೇಕೆನ್ನುವ ಯಾವ ವಸ್ತುವನ್ನೂ ಇಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ನಂಬಿ ಕೂರುವಂತಿಲ್ಲ. ಕೆಲವು ಮಿಷನ್ನುಗಳು ಕರೆಂಟು ಹೋದರೂ ಹತ್ತು ನಿಮಿಷದವರೆಗೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೆನಪಿಟ್ಟುಕೊಳ್ಳುತ್ತವಂತೆ. ನಮ್ಮಲ್ಲಿ ಹೋದ ಕರೆಂಟು ಹತ್ತು ನಿಮಿಷದಲ್ಲಿ ಬಂದರೆ ಅದು ಹೋದದ್ದು ಎಂದೇ ಲೆಕ್ಕವಿಲ್ಲ. ಇನ್ವರ್ಟರಿಗೆ ಹಾಕೋಣವೆಂದರೆ ರೆಕ್ಕೆ ತಿರುಗಿಸುವ ತನಕ ಅದು ಸುಮ್ಮನಿದ್ದು, ಕಾಯಿಲ್ ಕಾಯತೊಡಗಿದ ಕೂಡಲೇ ಕೂಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಬಂಟ್ವಾಳಕ್ಕೆ ಹೋದೆ. ಬೇಡ ಎಂದು ತೀರ್ಮಾನಿಸುವ ಮೊದಲು ವಸ್ತುವನ್ನು ಮುಟ್ಟಿ ನೋಡಬೇಕು. ಪೇಟೆಯೊಳಗೆ ನಾವು ಮಿಕ್ಸಿ, ಗ್ರೈಂಡರು ಕೊಂಡ ಹಳೆಯ ಅಂಗಡಿಯುಂಟು. ಯಜಮಾನರು ಹುಡುಗನನ್ನು ಏಣಿ ಹತ್ತಿಸಿ ಅಟ್ಟದ ಮೂಲೆಯಿಂದ ಒಂದು ಪೆಟ್ಟಿಗೆ ಇಳಿಸಿದರು. 1974ರಲ್ಲಿ ನೇತ್ರಾವತಿ ಪೇಟೆಯೊಳಗೆ ನುಗ್ಗಿದ್ದನ್ನು ಕಂಡ ಮನೆತನ ಅವರದು. "ನೆರೆ ಬಂದರೂ ಮುಟ್ಟದ ಜಾಗ ಅದು" ಎಂದು ಪೆಟ್ಟಿಗೆಯ ಧೂಳು ಒರೆಸುತ್ತಾ, "ಗಿರಾಕಿಯೂ ಮುಟ್ಟುದಿಲ್ಲ" ಎಂದರು.

ಮಿಷನ್ ಚೆಂದವಿತ್ತು. ಗಾಜಿನ ಕಿಂಡಿ, ಒತ್ತಿದರೆ ಬೆಳಗುವ ಅಂಕಿಗಳು. ನಾನು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿದೆ. ಅದರ ಬುಷ್ಷು ಸವೆದರೆ ಸಿಗುತ್ತದೆಯೇ ಎಂದು ಕೇಳಿದೆ. "ಬಿ.ಸಿ. ರೋಡಲ್ಲಿ ಇಲ್ಲ, ಮಂಗಳೂರಲ್ಲೂ ಇಲ್ಲ, ಬರೆದು ತರಿಸ್ಬೇಕು" ಎಂದವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ವ್ಯಾಪಾರಿ ಹೇಳಬಾರದ ಮಾತೊಂದನ್ನು ಹೇಳಿದರು: "ಅಲ್ಲ, ನಿಮ್ಮ ಗ್ರೈಂಡರು ನಮ್ಮದೇ ಅಲ್ವಾ? ಅದರೊಟ್ಟಿಗೆ ಹಿಟ್ಟು ನಾದುವ ಅಟ್ಯಾಚ್‌ಮೆಂಟು ಕೊಟ್ಟಿದ್ದೆವಲ್ಲ. ಅದರಲ್ಲಿ ನಾದಿ, ಒವನ್ನಿಗೆ ಇಡಿ. ನಾದುವುದೇ ತಾನೇ ಕಷ್ಟ? ಅದೆಲ್ಲುಂಟು ಈಗ?"

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ಏನೂ ಹೇಳದೆ ಅಂಗಳದ ಕಡೆ ಕಣ್ಣು ತೋರಿಸಿದಳು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ. ನಡುವೆ ಕುರ್ಚಿ ಹಾಕಿ, ತಲೆಯ ಮೇಲೆ ಕೊಡೆ ಬಿಡಿಸಿ ಕೂತಿದ್ದ ಅಮ್ಮನ ಮಡಿಲಲ್ಲಿ ಸ್ಟೀಲಿನ ತಟ್ಟೆ. ಕಾಗೆ ಇಳಿದಾಗಲೆಲ್ಲ ಆ ತಟ್ಟೆಗೆ ಅವಳು ಬಡಿಯುತ್ತಿದ್ದದ್ದು ಗ್ರೈಂಡರಿನ ಆ ನಾದುವ ಕೈಯಿಂದ. ಹಿಡಿಯಲು ಹದವಾಗಿತ್ತು, ಸದ್ದೂ ಒಳ್ಳೆಯದೇ ಬರುತ್ತಿತ್ತು.

"ಇದಾ? ಇದು ಬೇಕಾ ನಿನಗೆ?" ಎಂದಳು. "ಹಪ್ಪಳ ಒಣಗಿ ಆಗಲಿ, ಮತ್ತೆ ಕೊಡ್ತೇನೆ."

ಹಿತ್ತಿಲಿನ ಮರದಲ್ಲಿ ಇನ್ನೂ ಕಾಯಿ ಇದ್ದವು. ಅವೆಲ್ಲ ಹಪ್ಪಳವಾಗಿ ಒಣಗುವ ಹೊತ್ತಿಗೆ ಮಳೆ ಹಿಡಿಯುತ್ತದೆ, ಮಳೆ ಹಿಡಿದ ಮೇಲೆ ಗ್ರೈಂಡರು ತಿರುಗಿಸಲು ಕರೆಂಟೆಲ್ಲಿ ಎಂದು ನಾನು ಎಣಿಸುತ್ತಾ ನಿಂತಿದ್ದೆ. ಅಮ್ಮ ಇನ್ನೊಂದು ತಟ್ಟೆ ನನ್ನ ಕೈಗಿತ್ತಳು. "ಸುಮ್ಮನೆ ನಿಲ್ಲುದೆಂತಕ್ಕೆ? ಆಚೆ ಮೂಲೆಯಲ್ಲಿ ಕೂತ್ಕೋ. ಅಲ್ಲಿಯ ಕಾಗೆಗಳಿಗೆ ನನ್ನ ಹೆದರಿಕೆ ಇಲ್ಲ."