ಕೂತ್ಕೋ!

ನಮ್ಮ ಮನೆಯ ಮುಧೋಳ ನಾಯಿಗೆ ‘ಕೂತ್ಕೋ’ ಕಲಿಸಲು ಹೊರಟು ನಾಲ್ಕು ತಿಂಗಳಾಯಿತು. ಪ್ರಗತಿಯೇ ಇಲ್ಲ ಎನ್ನುವಂತಿಲ್ಲ. ಹತ್ತು ಸಲ ಕೂಗಿ, ಮಾಡಿ ತೋರಿಸಿ, ಸುಸ್ತಾಗಿ ನೆಲದ ಮೇಲೆ ಕೂರುವುದನ್ನು ನಾನು ಚೆನ್ನಾಗಿ ಕಲಿತಿದ್ದೇನೆ. ಅದು ನಿಂತುಕೊಂಡು ನೋಡುತ್ತದೆ. ಆಮೇಲೆ ನನ್ನ ಕೈಯ ಬಿಸ್ಕತ್ತನ್ನು ಗುರುದಕ್ಷಿಣೆಯಂತೆ ಎತ್ತಿಕೊಳ್ಳುತ್ತದೆ.

ತಪ್ಪು ಅದರದಲ್ಲ. ಮೂಗಿಗಿಂತ ಕಣ್ಣನ್ನೇ ನಂಬಿ ಮೊಲದ ಬೆನ್ನು ಹತ್ತುತ್ತಾ ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಬೆಳೆದ ತಳಿ. ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದುದ್ದ ಕಾಲು. ಕೂರಲೆಂದು ಮಾಡಿದ ದೇಹವೇ ಅದು? 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತು. ಆ ಜಾತಿ ಒಂದೇ ಕಡೆ ಅಂಟಿಕೊಂಡು ನಿಂತದ್ದು ನನ್ನ ಲೆಕ್ಕದಲ್ಲಿ ಅಲ್ಲಿ ಮಾತ್ರ. ಸೇನೆಯವರು ಮೀರತ್‌ನಲ್ಲಿ ಈ ನಾಯಿಗಳಿಗೂ ತರಬೇತಿ ಕೊಟ್ಟಿದ್ದಾರೆ, ನಿಜ. ಆದರೆ ಅವರ ಹತ್ತಿರ ಸೇನೆ ಇದೆ.

ಮೊನ್ನೆ ಪಾರ್ಕಿನಲ್ಲಿ ತರಬೇತಿ ಕೊಡುವವರು, ‘ಸಾರ್, ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗಬೇಕು. ದನಿಯಲ್ಲಿ ಗತ್ತಿರಲಿ’ ಎಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬೇಲಿಯಾಚೆ ಪ್ಲಾಸ್ಟಿಕ್ ಚೀಲವೊಂದು ಗಾಳಿಗೆ ಹಾರಿತು. ಬಿಳಿ ಚೀಲ, ಪಾಪ, ಮೊಲದ ಹಾಗೇ ಇತ್ತು. ಬೆಲ್ಟಿನ ಒಂದು ತುದಿಯಲ್ಲಿ ನಾಯಿ, ಇನ್ನೊಂದು ತುದಿಯಲ್ಲಿ ನಾನು, ಎಲ್ಲೋ ಹಿಂದೆ ನನ್ನ ಚಪ್ಪಲಿ. ‘ನಿಲ್ಲು, ನಿಲ್ಲು’ ಎಂಬ ಗತ್ತಿನ ದನಿ ಕೇಳುತ್ತಿತ್ತು. ನಾಯಿಗೋ ನನಗೋ ತಿಳಿಯಲಿಲ್ಲ.

ಬರಿಗಾಲಲ್ಲಿ ಮನೆಗೆ ಬಂದಾಗ ನನ್ನವಳು ಕೇಳಿದಳು: ‘ಇವತ್ತಾದ್ರೂ ಕೂತ್ಕೊಂಡ್ತಾ?’

ಕೂತಿತ್ತು. ಸೋಫಾದ ಮೇಲೆ, ನನ್ನ ಜಾಗದಲ್ಲಿ.