ಸಾಲಿಗ್ರಾಮದ ಊರಿಗೆ ಯೆಜ್ಡಿ

ನಮ್ಮಪ್ಪ ಬುದ್ಧಿ ಬಂದ ಮೇಲೆ ನಂಜನಗೂಡು ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದವರಲ್ಲ. ಕಾರಣ, ದೇವರ ಮನೆಯ ಸಂಪುಟದಲ್ಲಿದ್ದ ಐದು ಸಾಲಿಗ್ರಾಮ. ಅವಕ್ಕೆ ದಿನಾ ಅಭಿಷೇಕ, ತುಳಸಿ, ನೈವೇದ್ಯ ತಪ್ಪುವಂತಿಲ್ಲ. ನೆಂಟರ ಮದುವೆಗೆ ಹೋದರೂ ಧಾರೆ ಮುಗಿದದ್ದೇ ಮಧ್ಯಾಹ್ನದ ಬಸ್ಸು. ಯಾವ ಕಾಲದಲ್ಲೋ ಯಾವನೋ ಮುತ್ತಜ್ಜ ತಂದ ಆ ಕಲ್ಲುಗಳು ನೇಪಾಳದ ಗಂಡಕಿಯಿಂದ ಕಪಿಲೆಯ ದಡದವರೆಗೆ ಬಂದಿದ್ದವು. ಪೂಜೆ ಮಾಡುವವರನ್ನು ಮಾತ್ರ ಬಸ್ ಸ್ಟ್ಯಾಂಡಿನಿಂದಾಚೆಗೆ ಬಿಡಲಿಲ್ಲ. ಅಪ್ಪನ ನಂತರ ಸಂಪುಟ ಅಣ್ಣನ ಮನೆ ಸೇರಿತು. ವರ್ಗಾವರ್ಗಿಯ ಬ್ಯಾಂಕಿನವನಾದ ನನ್ನ ಕೈಗೆ ಅದನ್ನು ಕೊಡುವ ಮಾತೇ ಬರಲಿಲ್ಲ.

2017ರಲ್ಲಿ ಬ್ಯಾಂಕಿನವರು ಹಾರ ಹಾಕಿ ಕಳಿಸಿಕೊಟ್ಟರು. ಆಮೇಲೆ ಎರಡು ವರ್ಷ ನಾನು ಮಾಡಿದ ಘನಕಾರ್ಯವೆಂದರೆ ತರಕಾರಿ ತಂದದ್ದು, ತಂದ ಬೀನ್ಸು ಬಲಿತಿದೆ ಎಂದು ಅನ್ನಿಸಿಕೊಂಡದ್ದು. ಒಂದು ದಿನ ನುಗ್ಗೇಕಾಯಿ ಆರಿಸುತ್ತ ನಿಂತವನಿಗೆ, ಗಂಡಕಿಗೆ ಹೋಗಿ ಬಂದರೆ ಹೇಗೆ ಎನ್ನಿಸಿತು. ಅದೂ ಯೆಜ್ಡಿಯಲ್ಲಿ.

ಯೆಜ್ಡಿ ಎಂದರೆ ಮೈಸೂರಿನವರಿಗೆ ಬರೀ ಬೈಕಲ್ಲ, ನೆಂಟಸ್ತನ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಪ್ರತಿ ಮನೆಯಲ್ಲೂ ಅಲ್ಲಿ ಕೆಲಸ ಮಾಡಿದ ಒಬ್ಬ ಮಾವನೋ ಚಿಕ್ಕಪ್ಪನೋ ಇರುತ್ತಾನೆ. ನನ್ನದು 1985ರದ್ದು, 250 ಸಿಸಿ, ಎರಡು ಸೈಲೆನ್ಸರು. ಅದರ ಎಡಗಡೆ ಒಂದೇ ಒಂದು ಲಿವರ್. ಅದೇ ಗೇರು, ಅದೇ ಕಿಕ್ಕು. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್; ಎಂಜಿನ್ ಹತ್ತಿದ ಮೇಲೆ ಮುಂದಕ್ಕೆ ಮಡಚಿದರೆ ಗೇರು. ಸಂಸಾರದಲ್ಲಿ ಹೀಗೆ ಎರಡು ಕೆಲಸ ಒಬ್ಬರೇ ಮಾಡುವುದು ಮಾಮೂಲಿ. ಬೈಕಿನಲ್ಲಿ ನೋಡಿದರೆ ಮಾತ್ರ ಈಗಿನ ಹುಡುಗರು ಬಾಯಿ ಬಿಡುತ್ತಾರೆ.

ಮನೆಯವಳನ್ನು ಒಪ್ಪಿಸಲು ಟೆಡ್ ಸೈಮನ್‌ನನ್ನು ಕರೆದುಕೊಂಡು ಬಂದೆ. 1973ರಲ್ಲಿ ಟ್ರಯಂಫ್ ಏರಿ ನಾಲ್ಕು ವರ್ಷ ಭೂಮಿ ಸುತ್ತಿದ ಇಂಗ್ಲಿಷ್ ಪತ್ರಕರ್ತ. 2001ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಹಳೆಯ ದಾರಿ ಹಿಡಿದು ಮತ್ತೆ ಹೊರಟವನು. ನನಗಿನ್ನೂ ಅರವತ್ತೆರಡು ಎಂದೆ. ಆ ಎರಡನೇ ಸುತ್ತಿನಲ್ಲಿ ಅವನು ಕೀನ್ಯಾದಲ್ಲಿ ಕಾಲು ಮುರಿದುಕೊಂಡ ಸಂಗತಿ ಹೇಳಲು ಮರೆತೆ. ಅವಳು ಎಲ್ಲಾ ಕೇಳಿಸಿಕೊಂಡು ಒಂದೇ ಷರತ್ತು ಹಾಕಿದಳು: “ಹೋಗಿ ಬನ್ನಿ. ಸಾಲಿಗ್ರಾಮ ಮಾತ್ರ ತರಬೇಡಿ. ತಂದರೆ ದಿನಾ ಪೂಜೆ ಯಾರು ಮಾಡ್ತಾರೆ ಅಂತ ನನಗೆ ಗೊತ್ತು.”

ನೆಂಟರೆಲ್ಲ ಪಶುಪತಿನಾಥಕ್ಕೆ ಹೋಗಲೇಬೇಕು ಎಂದರು. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರಂತೆ, ಕನ್ನಡದಲ್ಲೇ ಮಾತಾಡಿಸುತ್ತಾರಂತೆ. ಅದೇ ನನಗೆ ಹೆದರಿಕೆ. ಅಷ್ಟು ದೂರ ಬೈಕು ಹೊಡೆದುಕೊಂಡು ಹೋಗಿ, ಕೊನೆಗೆ “ಯಾವೂರಾಯ್ತು, ಯಾರ ಮಗ?” ಎಂದು ಕೇಳಿಸಿಕೊಳ್ಳುವುದೆ? ಕಠ್ಮಂಡು ಬಿಟ್ಟೆ.

2019ರ ಅಕ್ಟೋಬರ್. ಹೈದರಾಬಾದು, ನಾಗಪುರ, ಜಬಲ್ಪುರ, ಪ್ರಯಾಗ, ಗೋರಖಪುರ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಆ ದಾರಿಯ ಬಗ್ಗೆ ಹೇಳುವುದೇನೂ ಇಲ್ಲ, ಬೆನ್ನು ಹೇಳಬೇಕು. ಬಂಕಿಗೆ ನುಗ್ಗಿದಾಗಲೆಲ್ಲ ಲೀಟರಿಗೆ ಮೂವತ್ತು ನಲವತ್ತು ಮಿಲಿಯಂತೆ ಎಣ್ಣೆ ಅಳೆದು ಪೆಟ್ರೋಲಿಗೆ ಬೆರೆಸಬೇಕು. ನಾನು ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆಯುತ್ತಿದ್ದೆ. ಸಿವನಿಯ ಬಂಕಿನ ಹುಡುಗ ಅದನ್ನು ನೋಡಿ, “ಗಾಡಿಗೆ ಹುಷಾರಿಲ್ಲವಾ?” ಎಂದು ಹಿಂದಿಯಲ್ಲಿ ಕೇಳಿದ.

ಸೋನೌಲಿ ಗಡಿಯಲ್ಲಿ ನಮಗೆ ವೀಸಾ ಬೇಡ, ಬೈಕಿಗೆ ಮಾತ್ರ ಸುಂಕದ ಚೀಟಿ ಬೇಕು. ಅದಕ್ಕೆ ‘ಭನ್ಸಾರ್’ ಎನ್ನುತ್ತಾರೆ. ಎಷ್ಟು ದಿನವೋ ಅಷ್ಟು ದುಡ್ಡು ಕಟ್ಟಿ ಚೀಟಿ ಕೈಗೆ ತೆಗೆದುಕೊಂಡು ನೋಡಿದರೆ ಇಸವಿ 2076! ನೇಪಾಳದ ಸರ್ಕಾರ ನಡೆಯುವುದೇ ವಿಕ್ರಮ ಶಕೆಯ ಲೆಕ್ಕದಲ್ಲಿ. ಮೂವತ್ತೇಳು ವರ್ಷ ತಾರೀಕಿಗೆ ತಾಳೆ ಹಾಕಿದ ಕೈ ಸುಮ್ಮನಿರುತ್ತದೆಯೆ? ಅಲ್ಲೇ ಕಂಬಕ್ಕೆ ಒರಗಿ ಲೆಕ್ಕ ಹಾಕಿದೆ. ಆ ಚೀಟಿಯ ಪ್ರಕಾರ ನನಗೆ 119 ವರ್ಷ, ನಿವೃತ್ತನಾಗಿ 59. ಸಾಲದ್ದಕ್ಕೆ ಗಡಿಯಾರವನ್ನೂ ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಬೇಕು. ಅರ್ಧ ಗಂಟೆಯಲ್ಲ, ಗಂಟೆಯಲ್ಲ, ಕಾಲು ಗಂಟೆ. ಊರಿಗೆ ಫೋನು ಮಾಡಿದರೆ ಅವಳು, “ಹದಿನೈದು ನಿಮಿಷ ಮುಂದೆ ಇದ್ದೀರಲ್ಲ, ಅಷ್ಟು ಹೊತ್ತು ಮುಂಚೆ ಮಾತ್ರೆ ನುಂಗಿ” ಎಂದಳು.

ಪೋಖರಾ ದಾಟಿ ಬೇನಿಯಿಂದ ಮೇಲೆ ಕಾಳಿ ಗಂಡಕಿಯ ಕಣಿವೆ. ಒಂದು ಪಕ್ಕ 8,167 ಮೀಟರಿನ ಧವಳಗಿರಿ, ಇನ್ನೊಂದು ಪಕ್ಕ 8,091 ಮೀಟರಿನ ಅನ್ನಪೂರ್ಣ. ನಡುವಿನ ರಸ್ತೆಯಲ್ಲಿ ಕಲ್ಲು, ಕೆಸರು, ಜೆಸಿಬಿ, ಮತ್ತು ನಾನು. ಅಲ್ಲಿನ ಗಾಳಿಗೆ ಆಫೀಸಿನ ಶಿಸ್ತು: ಬೆಳಗ್ಗೆ ಸದ್ದಿಲ್ಲ, ಹತ್ತು ಹನ್ನೊಂದರ ಸುಮಾರಿಗೆ ಡ್ಯೂಟಿಗೆ ಹಾಜರು. ಜೋಮ್ಸೋಮಿನ ವಿಮಾನಗಳು ಬೆಳಗ್ಗೆಯೇ ಹಾರಿ ಮುಗಿಸುವುದು ಅದಕ್ಕೇ. ಮೇಲೇರುವಾಗ ಅದು ಬೆನ್ನಿಗಿದ್ದು ದೂಡಿತು. ಯೆಜ್ಡಿಗೆ ಹೊಸ ಪ್ರಾಯ ಬಂತೆಂದು ಬೀಗಿದೆ. ನಿಜ ತಿಳಿದದ್ದು ಕಾಗ್ಬೇನಿ ಬಿಟ್ಟ ಮೇಲೆ. ಮೂರು ಸಾವಿರ ಮೀಟರು ದಾಟಿದಂತೆ ಕಾರ್ಬ್ಯುರೇಟರಿಗೆ ಪೆಟ್ರೋಲು ಸಿಗುತ್ತದೆ, ಅದನ್ನು ಸುಡುವಷ್ಟು ಗಾಳಿ ಸಿಗುವುದಿಲ್ಲ. ಪ್ಲಗ್ ಬಿಚ್ಚಿದರೆ ಒಲೆ ಮೇಲಿನ ಪಾತ್ರೆಯ ತಳದ ಹಾಗೆ ಮಸಿ. ಗೇರು ಒಂದರಲ್ಲಿ ನೂರು ಗಜ ಹೋಗುವುದು, ನಿಲ್ಲುವುದು. ಒಮ್ಮೆ ಅದಕ್ಕೆ ಏದುಸಿರು, ಒಮ್ಮೆ ನನಗೆ. ಹಾಗೂ ಹೀಗೂ ಮುಕ್ತಿನಾಥ ಮುಟ್ಟಿದೆವು; 3,700 ಮೀಟರಿಗೂ ಮೇಲೆ. ಗುಡಿಯ ಹಿಂದೆ ಸಾಲಾಗಿ 108 ನೀರಿನ ಬಾಯಿಗಳು, ಅಷ್ಟಕ್ಕೂ ತಲೆ ಕೊಟ್ಟು ಓಡಬೇಕು. ಇಪ್ಪತ್ತರ ಮೇಲೆ ಲೆಕ್ಕ ತಪ್ಪಿತು. ಬ್ಯಾಂಕಿನವನಿಗೆ!

ಮರುದಿನ ಬೆಳಗ್ಗೆ ಇಳಿದು ಬಂದು ಕಾಗ್ಬೇನಿಯ ಕೆಳಗೆ ನದಿಯ ಪಾತ್ರಕ್ಕೆ ಹೋದೆ. ಅರ್ಧ ಮೈಲಿ ಅಗಲ ಬರೀ ಕಲ್ಲು, ಬೂದಿ ಬಣ್ಣದ ನೀರು ಅಲ್ಲಲ್ಲಿ ಎಳೆ ಎಳೆಯಾಗಿ. ಪ್ಯಾಂಟು ಮೊಣಕಾಲಿಗೆ ಮಡಚಿ ಇಳಿದು ಹುಡುಕಿದೆ. ಗಂಟೆಯ ಮೇಲೆ ಒಂದು ಸಿಕ್ಕಿತು: ಕೋಳಿಮೊಟ್ಟೆಯಷ್ಟು, ಕರೀ ಬಣ್ಣ, ಒಂದು ಕಡೆ ಒಡೆದು ಒಳಗಿನ ಚಕ್ರ ಕಾಣುತ್ತಿತ್ತು. ಅಮೋನೈಟ್ ಎಂಬ ಕಡಲ ಜೀವಿಯ ಅಚ್ಚು, ಹಿಮಾಲಯ ಇನ್ನೂ ಸಮುದ್ರದ ತಳವಾಗಿದ್ದ ಕಾಲದ್ದು ಎಂದು ಓದಿದ್ದೆ. ಕೈಯಲ್ಲಿ ಹಿಡಿದಾಗ ಅದೊಂದೂ ನೆನಪಾಗಲಿಲ್ಲ. ತಾಮ್ರದ ತಟ್ಟೆಯಲ್ಲಿ ಐದು ಕಲ್ಲು ಸಾಲಿಟ್ಟು, ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸುತ್ತ, ಬಸ್ಸಿನ ಹಾರನ್ನಿಗೆ ಕಿವಿ ನಿಮಿರಿಸುತ್ತಿದ್ದ ಅಪ್ಪ ನೆನಪಾದರು. ಕಲ್ಲನ್ನು ಜೇಬಿಗೆ ಹಾಕಿದೆ. ದಡದವರೆಗೆ ಬಂದೆ. ತಿರುಗಿ ಹೋಗಿ, ಸಿಕ್ಕಿದ ಜಾಗದಲ್ಲೇ, ಚಕ್ರ ಕೆಳಮುಖವಾಗುವ ಹಾಗೆ ಇಟ್ಟು ಬಂದೆ. ಅಷ್ಟರಲ್ಲಿ ಗಾಳಿ ಡ್ಯೂಟಿಗೆ ಬಂದಿತ್ತು. ಏಳನೇ ಕಿಕ್ಕಿಗೆ ಎಂಜಿನ್ ಹತ್ತಿತು.

ಎದುರು ಗಾಳಿಗೆ ಹಲ್ಲಿನಲ್ಲೆಲ್ಲ ಮಣ್ಣು ತುಂಬಿಕೊಂಡು, ಸೇಬಿನ ತೋಟಗಳ ಮಾರ್ಫಾ ತಲುಪುವಾಗ ಮಧ್ಯಾಹ್ನ ದಾಟಿತ್ತು. ಫೋನು ಹಚ್ಚಿದೆ.

“ನಿಮ್ಮಣ್ಣ ಫೋನ್ ಮಾಡಿದ್ದರು,” ಎಂದಳು. “ಒಂದು ಚಿಕ್ಕ ಸಾಲಿಗ್ರಾಮ ಸಿಕ್ಕರೆ ತರಬೇಕಂತೆ. ಅವರೇ ಇಟ್ಟುಕೊಳ್ತಾರಂತೆ.”

“ಒಂದೂ ಕಣ್ಣಿಗೆ ಬೀಳಲಿಲ್ಲ ಅಂತ ಹೇಳು,” ಎಂದೆ.

ಪ್ಯಾಂಟಿನ ಮಡಿಕೆ ಬಿಚ್ಚಿದರೆ ಒಳಗಿನಿಂದ ಒಂದು ಹಿಡಿ ಗಂಡಕಿಯ ಮರಳು ನೆಲಕ್ಕೆ ಬಿತ್ತು.